ಕಂಬಳಿ ದೀದಿಯ ತೀರ್ಪು

ಗಂಗೆಯ ಆಚೆ ದಡದ ಆ ಆಶ್ರಮದಲ್ಲಿ ದೇವೇಶ್ವರಿಯನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಸ್ವಾಮಿಗಳಿಂದ ಹಿಡಿದು ಹಾಲಿನವನವರೆಗೆ ಎಲ್ಲರಿಗೂ ಅವಳು ಕಂಬಳಿ ದೀದಿ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಮಧ್ಯಾಹ್ನ ಎರಡು ಗಂಟೆಗೆ ದೊಡ್ಡ ಪಡಸಾಲೆಯಲ್ಲಿ ಯೋಗನಿದ್ರೆಗೆಂದು ಬಂದು ಮಲಗುವವರಿಗೆ ತಲೆಗೊಂದರಂತೆ ಕಂಬಳಿ ಕೊಡುವುದು, ಮೂರು ಗಂಟೆಗೆ ಅಷ್ಟನ್ನೂ ವಾಪಸ್ ಪಡೆಯುವುದು. ಕೊಡುವುದು ಸುಲಭ. ಪಡೆಯುವುದರಲ್ಲೇ ಇರುವುದು ಕಷ್ಟ, ಯಾಕೆಂದರೆ ಬಂದವರಲ್ಲಿ ಅರ್ಧಕ್ಕರ್ಧ ಜನ ಯೋಗವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದಿರುತ್ತಿದ್ದರು.

ಅದರಲ್ಲಿ ಸ್ವಾಮಿ ಅಚ್ಯುತಬೋಧರ ತಪ್ಪೂ ಇತ್ತೆನ್ನಿ. "ನಿದ್ದೆ ಮಾಡಬೇಡಿ, ಎಚ್ಚರವಾಗಿರಿ, ನಿದ್ದೆ ಮಾಡಬೇಡಿ" ಎಂದು ಅವರು ಹೇಳುವ ದನಿ ಕೇಳಿದರೆ ಹಟಮಾರಿ ಎಮ್ಮೆಗೂ ಜೊಂಪು ಹತ್ತಬೇಕು. ಬಲಗೈ, ಬಲತೋಳು, ಬಲಭುಜ ಎಂದು ಅವರು ಮೈಯ ಊರೂರು ಸುತ್ತಿಸಿ ಮೊಣಕಾಲಿಗೆ ಬರುವಷ್ಟರಲ್ಲಿ ಮೂರನೇ ಸಾಲಿನಿಂದ ಗೊರಕೆ ಶುರು. ದೇವೇಶ್ವರಿ ಸದ್ದಿಲ್ಲದೆ ಹೋಗಿ ಗೊರಕೆಯವರ ಅಂಗಾಲನ್ನು ಒಂದು ಬೆರಳಿನಿಂದ ಮುಟ್ಟುವಳು. ಆದರೆ ಧ್ಯಾನ ಹತ್ತಿದವರನ್ನು ಮಾತ್ರ ಮುಟ್ಟುವ ಹಾಗಿಲ್ಲ, ಅದು ಆಶ್ರಮದ ಕಟ್ಟಪ್ಪಣೆ. ಮುಟ್ಟಿದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ, ಅದಕ್ಕೇ ಎಲ್ಲರಿಗೂ ಭಯವಿತ್ತು.

ಮುಟ್ಟಬಹುದಾದವರು, ಮುಟ್ಟಬಾರದವರು ಎಂದು ದಿನಾ ವಿಂಗಡಿಸುತ್ತ ಅವಳಿಗೊಂದು ವಿದ್ಯೆ ಕೈಹತ್ತಿತ್ತು. ಸ್ವಾಮಿಗಳು ಆರು ದಿನದ ಉಪನ್ಯಾಸದಲ್ಲಿ ಬಿಡಿಸಿ ಹೇಳುವುದನ್ನು ಅವಳು ಕಂಬಳಿಯ ಅಂಚು ಹಿಡಿದು ಹೇಳಬಲ್ಲವಳಾಗಿದ್ದಳು. ನಿದ್ದೆ ಹೋದವನ ಕಂಬಳಿಯನ್ನು ಮೆಲ್ಲಗೆ ಎಳೆದರೆ ಅವನೂ ಎಳೆಯುತ್ತಾನೆ, ಕಣ್ಣು ಮುಚ್ಚಿಕೊಂಡೇ ಜಗಳಕ್ಕೆ ಬರುತ್ತಾನೆ. ಯೋಗನಿದ್ರೆಯಲ್ಲಿರುವವನು ಬಿಟ್ಟುಕೊಡುತ್ತಾನೆ, ಆದರೆ ಎಳೆದದ್ದು ಅವನಿಗೆ ಗೊತ್ತಿರುತ್ತದೆ. ಉಸಿರು ಒಂದು ಚೂರು ತಡೆಯುತ್ತದೆ, ಕೊನೆಯಲ್ಲಿ ಸ್ವಾಮಿಗಳು 'ಕಾಲಿನ ಬೆರಳು ಅಲ್ಲಾಡಿಸಿ' ಎಂದಾಗ ಬೆರಳು ಅಲ್ಲಾಡುತ್ತದೆ. ಧ್ಯಾನ ಹತ್ತಿದವನಿಗೆ ಹೊದಿಸಿದರೂ ಅಷ್ಟೇ, ಎಳೆದರೂ ಅಷ್ಟೇ. ಅಂಥವರನ್ನು ಇಷ್ಟು ವರ್ಷದಲ್ಲಿ ಅವಳು ನೋಡಿದ್ದು ಇಬ್ಬರನ್ನು. ಒಬ್ಬರು ಕಟಕ್‌ನಿಂದ ಬಂದಿದ್ದ ಲೆಕ್ಕದ ಮೇಷ್ಟ್ರು. ಇನ್ನೊಬ್ಬ ನಲ್ಲಿ ರಿಪೇರಿಗೆ ಬಂದವನು, ಐದು ನಿಮಿಷ ಕೂತು ಹೋಗ್ತೀನಿ ಅಂತ ಕೂತು ಸಂಜೆಯಾದರೂ ಏಳಲಿಲ್ಲ. ಅವತ್ತಿಡೀ ಆಶ್ರಮಕ್ಕೆ ನೀರಿರಲಿಲ್ಲ. ಹಣೆ ತುಂಬ ಗಂಧ ಬಳಿದುಕೊಂಡು ಬರುವ ಘನಸ್ಥರೆಲ್ಲ ಎಳೆದರೆ ಎಳೆಯುವವರೇ.

ಅವಳ ಗಂಡ ಸೋಬತ್ ಸಿಂಗ್ ಅದೇ ಆಶ್ರಮದ ಗೇಟು ಕಾಯುವವನು. ಅದಕ್ಕೂ ಮುಂಚೆ ಅವನು ಕರ್ಣಪ್ರಯಾಗದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಬೆಟ್ಟದ ರಸ್ತೆಯ ತಿರುವುಗಳಲ್ಲಿ, ಕಂಬಕ್ಕೆ ಒರಗಿ, ನೆಟ್ಟಗೆ ನಿಂತು ನಿದ್ದೆ ಮಾಡುವುದನ್ನು ಕಲಿತದ್ದು ಅಲ್ಲೇ. ಮೊಣಕಾಲು ಕೈಕೊಟ್ಟ ಮೇಲೆ ಗಂಡಹೆಂಡಿರು ಊರು ಬಿಟ್ಟು ಇಲ್ಲಿಗೆ ಇಳಿದು ಬಂದರು. ಮಗಳನ್ನು ಪೌಡಿಯ ಕಡೆ ಮದುವೆ ಮಾಡಿ ಕೊಟ್ಟದ್ದಾಯಿತು. ಈಗ ಅಡುಗೆಮನೆಯ ಹಿಂದಿನ ಒಂದು ಕೋಣೆ, ಒಂದು ಸ್ಟೌ, ನದಿಯ ಕಡೆ ತೆರೆಯುವ ಒಂದು ಕಿಟಕಿ. ದೇವೇಶ್ವರಿಗೆ ಇಷ್ಟರಲ್ಲೇ ತೃಪ್ತಿಯಿತ್ತು. ಇಷ್ಟು ಸಾಕು ಎನ್ನುವುದನ್ನು ಗಂಡನ ಮುಂದೆ ಮಾತ್ರ ಎಂದೂ ಒಪ್ಪಿಕೊಂಡಿರಲಿಲ್ಲ.

ಆ ಫಾಲ್ಗುಣದಲ್ಲಿ ಭಾವನಗರದಿಂದ ನಲವತ್ತು ಜನರ ಗುಂಪು ಬಂದಿತ್ತು. ಅವರಿಗೆಲ್ಲ ಮುಂದಾಳು ಜಸುಬೆನ್ ಎಂಬ ದಪ್ಪನೆಯ, ಒಳ್ಳೆಯ ಮನಸ್ಸಿನ ಹೆಂಗಸು. ಕಲ್ಲು ಕಂಡರೂ ಕೈಮುಗಿಯುವವರು, ಆ ಕಲ್ಲು ಯಾರೋ ಬಟ್ಟೆ ಒಗೆಯುವ ಕಲ್ಲೆಂದು ಗೊತ್ತಾದರೂ ಮುಗಿದ ಕೈ ಇಳಿಸುವವರಲ್ಲ. ಅವತ್ತು ಮಧ್ಯಾಹ್ನ ಮಜ್ಜಿಗೆಯ ಕಢಿ, ಅನ್ನ ಹೊಡೆದು ಎಲ್ಲರೂ ಬಂದು ಮಲಗಿದರು. ಸ್ವಾಮಿಗಳು ಕಣ್ಣು ಮುಚ್ಚಿ, ಮೈ ಸುತ್ತಿಸಿ ಮುಗಿಸಿ, ಚಿತ್ರಗಳಿಗೆ ಬಂದರು. ಅವರು ಹೇಳುತ್ತ ಹೋಗುತ್ತಾರೆ, ಮಲಗಿದವರು ಮನಸ್ಸಿನಲ್ಲೇ ನೋಡುತ್ತ ಹೋಗಬೇಕು.

"ಉರಿಯುವ ದೀಪ. ಹಿಮದ ಬೆಟ್ಟ. ಸಮುದ್ರದ ಮೇಲೆ ಒಂಟಿ ಹಕ್ಕಿ. ಗುಡಿಯ ಮುಂದೆ ನಂದಿ."

ಆಗಲೇ ಹೋರಿ ಒಳಗೆ ಬಂತು.

ಇದು ಊರಿಗೇ ಪರಿಚಯದ ಹೋರಿ. ಬೆಳಗ್ಗಿನಿಂದ ಸಂಜೆಯವರೆಗೆ ಒಂದೊಂದು ಅಂಗಡಿಯ ಮುಂದೂ ನಿಂತು ತಪಾಸಣೆ ಮಾಡುತ್ತದೆಂದು ಜನ ಅದಕ್ಕೆ ತಹಸೀಲ್ದಾರ ಎಂದು ಹೆಸರಿಟ್ಟಿದ್ದರು. ತಹಸೀಲ್ದಾರನಿಗೆ ಬೇಕಾಗಿದ್ದು ಗುರುಗಳ ಪಟಕ್ಕೆ ಹಾಕಿದ್ದ ಚೆಂಡುಹೂವಿನ ಹಾರ. ನದಿಯ ಘಾಟಿನ ಮೆಟ್ಟಿಲುಗಳಲ್ಲಿ ಮಲಗಿದ ಯಾತ್ರಿಕರ ನಡುವೆ ಓಡಾಡಿ ಅಭ್ಯಾಸವಿದ್ದ ಪ್ರಾಣಿ, ಯಾರ ಕೈ ಕಾಲೂ ತುಳಿಯದೆ, ಸಾಲಿನ ನಡುವೆ ಹೆಜ್ಜೆ ನೋಡಿ ನೋಡಿ ಇಟ್ಟು ನಡೆಯಿತು. ಹೋಗುತ್ತ ಹೋಗುತ್ತ ಜಸುಬೆನ್‌ರ ಹಣೆಯ ಗಂಧವನ್ನು ಮೂಸಿ, ಒಂದು ಸಲ ಉದ್ದಕ್ಕೆ ನೆಕ್ಕಿತು. ಜಸುಬೆನ್ ಅಲ್ಲಾಡಲಿಲ್ಲ. ತುಟಿಯಲ್ಲೇ ಶಿವನ ಹೆಸರು ಹೇಳಿದರು, ಕಣ್ಣಿನ ಎರಡೂ ಕಡೆ ನೀರು ಇಳಿಯಿತು. ಪಕ್ಕದ ಮುದುಕರ ಕಿವಿಗೆ ಹೋರಿಯ ಬಿಸಿಯುಸಿರು ತಾಗಿತು. ಅವರು ಸಾಧನೆ ಇಷ್ಟು ಬೇಗ ಫಲ ಕೊಟ್ಟಿತಲ್ಲ ಎಂದು ಇನ್ನೂ ಬಿಗಿಯಾಗಿ ಕಣ್ಣು ಮುಚ್ಚಿಕೊಂಡರು. ನಿದ್ದೆ ಹೋದವರಿಗಂತೂ ಹೋರಿಯೂ ಇಲ್ಲ, ನಂದಿಯೂ ಇಲ್ಲ. ಮೂಲೆಯಲ್ಲಿ ಬಾಯಿಗೆ ಕೈ ಅಡ್ಡವಿಟ್ಟು ನಿಂತಿದ್ದ ದೇವೇಶ್ವರಿ ಕೂಗುವ ಹಾಗಿರಲಿಲ್ಲ. ಹಾರವನ್ನು ಕಿತ್ತು ತೋರಿಸಿ, ಹಿಂದೆ ಹಿಂದೆ ನಡೆಯುತ್ತ ತಹಸೀಲ್ದಾರನನ್ನು ಹೊರಗೆ ಕರೆದುಕೊಂಡು ಹೋದಳು. ಅದು ಹೋಗುವ ಮುಂಚೆ ಬಾಗಿಲಲ್ಲಿ ತನ್ನ ಗುರುತು ಬಿಟ್ಟು ಹೋಯಿತು.

ಆ ಗುರುತನ್ನು ಮೊದಲು ತುಳಿದವರು ವ್ಯವಸ್ಥಾಪಕ ಭಟ್ನಾಗರ್. ಮೊರಾದಾಬಾದಿನ ಕಡೆ ಎಲ್ಲೋ ಸ್ಟೇಷನ್ ಮಾಸ್ತರರಾಗಿ ನಿವೃತ್ತರಾಗಿ ಬಂದವರು, ಕೊರಳಿಗೆ ಸೀಟಿ ಇನ್ನೂ ನೇತಾಡುತ್ತಿತ್ತು. ಒಂದೇ ಕಾಲಿನ ಚಪ್ಪಲಿಯಲ್ಲಿ ಅವರು ಗೇಟಿಗೆ ಧಾವಿಸಿದರು. ಗೇಟು ಹಾರು ಹೊಡೆದಿತ್ತು. ಪಕ್ಕದ ಸ್ಟೂಲಿನ ಮೇಲೆ ಸೋಬತ್ ಸಿಂಗ್, ಬೆನ್ನು ನೆಟ್ಟಗೆ, ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ ಕೂತಿದ್ದ. ಮೂರು ಸೀಟಿಗೆ ಕಣ್ಣು ಬಿಟ್ಟ.

"ನಿದ್ದೆ ಮಾಡ್ತಾ ಇದ್ದೀಯ," ಅಂದರು ಭಟ್ನಾಗರ್.

"ಇಲ್ಲ ಸಾಹೇಬ್ರೇ. ಧ್ಯಾನ."

ಆಶ್ರಮದಲ್ಲಿ ಹತ್ತೊಂಬತ್ತು ವರ್ಷ ಇದ್ದವನ ಬಾಯಿಗೆ ಇನ್ನೇನು ಬರುತ್ತದೆ. ಆದರೆ ಅಷ್ಟರಲ್ಲಿ ಒದ್ದೆ ಹಣೆ ಹೊತ್ತು ಜಸುಬೆನ್ ಅಲ್ಲಿಗೆ ಬಂದಿದ್ದರು. ಅವರು ಸೋಬತ್ ಸಿಂಗನ ಬೆನ್ನು ನೋಡಿದರು, ತೆರೆದ ಗೇಟು ನೋಡಿದರು, ದಡಬಡ ಅವನ ಕಾಲಿಗೆ ಬಿದ್ದರು.

"ನಿದ್ದೆ ಮಾಡೋವ್ನ ತಲೆ ಹೀಗೆ ನಿಲ್ಲತ್ತಾ ಭಟ್ನಾಗರ್ ಭಾಯಿ? ಈ ಮಹಾತ್ಮರು ಅಷ್ಟು ಆಳಕ್ಕೆ ಇಳಿದಿದ್ರು, ಅದಕ್ಕೇ ನಂದಿ ತಾನಾಗೇ ಬಂದ. ನನ್ನ ಹಣೆ ಮುಟ್ಟಿ ನೋಡಿ."

"ಬೇಡ ತಾಯೀ," ಅಂದರು ಭಟ್ನಾಗರ್. "ನನ್ನ ಕಾಲು ಮುಟ್ಟಿ ನೋಡ್ತೀರಾ?"

ಸಂಜೆಯೊಳಗೆ ಆಶ್ರಮ ಎರಡು ಪಕ್ಷವಾಯಿತು. ಭಟ್ನಾಗರ್ ಪಕ್ಷದವರದು ಒಂದೇ ಹಟ: ಗೇಟಿನಲ್ಲಿ ನಿದ್ದೆ ಮಾಡಿದವನು ಗಂಟುಮೂಟೆ ಕಟ್ಟಲಿ, ಕೋಣೆ ಖಾಲಿ ಮಾಡಲಿ. ಜಸುಬೆನ್ ಪಕ್ಷದವರದು ಇನ್ನೊಂದು ಹಟ: ಇಂಥ ಮಹಾತ್ಮನನ್ನು ಗೇಟಿನಲ್ಲಿ ಕೂರಿಸುವುದೇ ಪಾಪ, ನದಿಯ ಮೇಲ್ಗಡೆ ಆಶ್ರಮದ್ದೇ ಒಂದು ಗುಹೆ ಖಾಲಿ ಬಿದ್ದಿದೆ, ಅಲ್ಲಿ ಕೂರಿಸಿ ಸೇವೆ ಮಾಡಬೇಕು. ಗುಹೆಯಲ್ಲಿ ಕೂತವರು ಸಂಸಾರ ಇಟ್ಟುಕೊಳ್ಳುವ ಹಾಗಿಲ್ಲ. ಸ್ವಾಮಿಗಳು ಎರಡೂ ಕಡೆಯವರನ್ನು ಕೂರಿಸಿಕೊಂಡು, ದಿನಾ ಹೇಳುವುದನ್ನೇ ಇನ್ನೊಮ್ಮೆ ಹೇಳಿದರು. "ನೋಡಿ, ನಿದ್ದೆ ಹೋದವನು ಮನೆಯೊಳಗೆ ಹೋಗಿ ಅಗಳಿ ಹಾಕ್ಕೊಂಡವನು. ಕರೆದ್ರೂ ಕೇಳಲ್ಲ. ಯೋಗನಿದ್ರೆಯವನು ಹೊಸ್ತಿಲ ಮೇಲೆ ಕೂತವನು. ಮೈ ಮಲಗಿರತ್ತೆ, ಕಿವಿ ಎಚ್ಚರ ಇರತ್ತೆ. ಧ್ಯಾನದಲ್ಲಿ ಕರಗಿದವನಿಗೆ ಒಳಗೂ ಇಲ್ಲ ಹೊರಗೂ ಇಲ್ಲ, ಮನೇನೇ ಇಲ್ಲ. ಸೋಬತ್ ಎಲ್ಲಿದ್ದ ಅಂತ ನಾನು ಹೇಗೆ ಹೇಳ್ಲಿ? ನಂದು ಯಾವಾಗ್ಲೂ ಕಣ್ಣು ಮುಚ್ಚಿರತ್ತೆ. ನಾಳೆ ಅವನು ಎಲ್ಲರ ಮುಂದೆ ಕೂರ್ಲಿ. ಕಂಬಳಿ ದೀದಿ ನೋಡಿ ಹೇಳ್ಲಿ. ಅವಳು ಇವತ್ತಿನವರೆಗೆ ನನಗೂ ಮುಲಾಜು ನೋಡಿಲ್ಲ."

ಅದು ನಿಜ. ಹಿಂದೊಮ್ಮೆ ಸ್ವಾಮಿಗಳೇ ಉಪನ್ಯಾಸದ ನಡುವೆ ಮೌನವಾದಾಗ, ಮೌನವಲ್ಲ ಮಹಾರಾಜ್ ತೂಕಡಿಕೆ, ಎಂದು ಹೇಳಿದವಳು ಅವಳೇ. ಅವಳು ಸುಳ್ಳು ಹೇಳುವುದಿಲ್ಲವೆಂದು ಎರಡೂ ಪಕ್ಷಗಳು ಒಪ್ಪಿದವು. ದೇವೇಶ್ವರಿ ಮಾತ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಿದ್ದೆ ಅಂದರೆ ಕೋಣೆ ಹೋಗುತ್ತದೆ, ಧ್ಯಾನ ಅಂದರೆ ಗಂಡ ಹೋಗುತ್ತಾನೆ.

ಅವಳು ಕೋಣೆಗೆ ಬಂದಾಗ ಗಂಡ ಜಸುಬೆನ್ ಕೊಟ್ಟ ಹೂವಿನ ಹಾರ ಹಾಕಿಕೊಂಡು ಮಂಚದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದ. ಕೇಳಿದ ಮಾತಿಗೆಲ್ಲ "ಹೂಂ" ಎಂದು ಮೂಗಿನಲ್ಲೇ ಉತ್ತರ ಕೊಡುತ್ತಿದ್ದ. ಅವಳು ಸೊಪ್ಪಿನ ಕಟ್ಟನ್ನು ಅವನ ಮುಂದೆ ಕುಕ್ಕಿದಳು.

"ಬಿಡಿಸಿ ಮಹಾತ್ಮರೇ. ಮಣ್ಣಿದೆ, ನೋಡ್ಕೊಂಡು ಬಿಡಿಸಿ. ನಿಜ ಹೇಳಿ, ಮಲಗಿದ್ರಿ ತಾನೇ?"

"ಮಲಗಿದ್ದೆ ಕಣೇ," ಅಂದ ಸೋಬತ್ ಸಿಂಗ್, ಸೊಪ್ಪು ಬಿಡಿಸುತ್ತ. "ಕಢಿ ಜಾಸ್ತಿ ಆಯ್ತು. ಆದ್ರೆ ಜಸುಬೆನ್ ಹೇಳ್ತಿದ್ರು, ಆ ಗುಹೆ ತಂಪಾಗಿರತ್ತಂತೆ. ಬೇಸಿಗೇಲೂ ಫ್ಯಾನು ಬೇಡ್ವಂತೆ."

"ಹೋಗಿ. ಸೊಂಟಕ್ಕೆ ಎಣ್ಣೆ ಯಾರು ತಿಕ್ತಾರೆ ಅಲ್ಲಿ, ನಂದಿನಾ?"

ಅವನು ಸೊಂಟದ ಬಗ್ಗೆ ಯೋಚಿಸಿದ. ಹಾರ ತೆಗೆದು ಮೊಳೆಗೆ ಹಾಕಿದ. "ಹಂಗಾದ್ರೆ ನಾಳೆ ಏನ್ ಮಾಡ್ಲಿ ಹೇಳು."

ಅವಳು ಸೊಪ್ಪು ಹೆಚ್ಚುತ್ತ ಹೆಚ್ಚುತ್ತ ದಾರಿ ಹುಡುಕಿಕೊಂಡಿದ್ದಳು. ನಿದ್ದೆಯೂ ಬೇಡ, ಧ್ಯಾನವೂ ಬೇಡ. ಹೊಸ್ತಿಲ ಮೇಲೆ ಕೂತವನು ಅಂದುಬಿಟ್ಟರೆ ಗೇಟಿನವನಿಗೆ ಅದಕ್ಕಿಂತ ಒಳ್ಳೆಯ ಗುಣ ಯಾವುದಿದೆ. "ಕಣ್ಣು ಮುಚ್ಚಿ ಸುಮ್ನೆ ಕೂತ್ಕೊಳ್ಳಿ. ನಾನು ಕಂಬಳಿ ಎಳೆದಾಗ ನೀವು ಎಳೀಬೇಡಿ. ಬೆರಳು ಅಲ್ಲಾಡ್ಸಿ ಅಂದಾಗ ಕಾಲಿನ ಬೆರಳು ಅಲ್ಲಾಡ್ಸಿ. ಯೋಗನಿದ್ರೆ ಅಂತೀನಿ. ಇಷ್ಟೂ ಮಾಡಕ್ಕಾಗತ್ತಾ?"

"ಯಾವ ಬೆರಳು?"

"ಇರೋದ್ರಲ್ಲಿ ದೊಡ್ಡದು."

ಮಾರನೆಯ ದಿನ ಮಧ್ಯಾಹ್ನ ಅವನಿಗೆ ಅನ್ನವಿಲ್ಲ. ಎರಡು ರೊಟ್ಟಿ, ಒಂದು ಹಸಿಮೆಣಸಿನಕಾಯಿ, ಮೂರು ಲೋಟ ಕಡು ಚಹಾ. ಇಷ್ಟಾದರೆ ಸತ್ತವನಿಗೂ ನಿದ್ದೆ ಬಾರದೆಂದು ಅವಳು ಧೈರ್ಯವಾಗಿದ್ದಳು. ಪಡಸಾಲೆಯ ನಡುವೆ ಸ್ಟೂಲು ಹಾಕಿ ಅವನನ್ನು ಕೂರಿಸಿದರು. ಸುತ್ತ ಭಾವನಗರದವರು, ಎದುರಿಗೆ ಸ್ವಾಮಿಗಳು, ಪಕ್ಕದಲ್ಲಿ ಸೀಟಿ ಹಿಡಿದ ಭಟ್ನಾಗರ್. ಸೋಬತ್ ಸಿಂಗ್ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತು ಅವನ ಹೆಬ್ಬೆರಳು ಅಭ್ಯಾಸಕ್ಕೆಂದು ತಾನಾಗಿಯೇ ಅಲ್ಲಾಡುತ್ತಿತ್ತು. ದೇವೇಶ್ವರಿ ಕೆಮ್ಮಿದ ಮೇಲೆ ನಿಂತಿತು.

ಅರ್ಧ ಗಂಟೆ ಕಳೆಯಿತು. ಭಟ್ನಾಗರ್ ಎದ್ದು ಅವನ ಕಿವಿಯ ಹತ್ತಿರ ಸೀಟಿ ಊದಿದರು. ಕೂತವರೆಲ್ಲ ಬೆಚ್ಚಿಬಿದ್ದರು, ಸೋಬತ್ ಸಿಂಗ್ ಅಲ್ಲಾಡಲಿಲ್ಲ. ಜಸುಬೆನ್ ಆರತಿಯ ಗಂಟೆ ಬಾರಿಸಿದರು. ಆಗಲೂ ಇಲ್ಲ. ಪರವಾಗಿಲ್ಲ, ನನ್ನ ಯಜಮಾನರು ನಾಟಕ ಚೆನ್ನಾಗಿ ಮಾಡುತ್ತಾರೆ ಎಂದು ದೇವೇಶ್ವರಿ ಒಳಗೊಳಗೇ ಹಿಗ್ಗಿದಳು. ಅವನ ಕಾಲ ಬಳಿ ಕೂತು, ಮಡಿಲ ಮೇಲೆ ಕಂಬಳಿ ಹಾಕಿದಳು, ಎಳೆದಳು. ಅವನು ಎಳೆಯಲಿಲ್ಲ. ಉಸಿರು ಒಂದು ಚೂರು ತಡೆಯುತ್ತದೆಯೇ ಎಂದು ಹತ್ತೊಂಬತ್ತು ವರ್ಷದ ಅಭ್ಯಾಸದಿಂದ ನೋಡಿದಳು. ತಡೆಯಲಿಲ್ಲ. ಇನ್ನೊಮ್ಮೆ ಹಾಕಿ ಇನ್ನೊಮ್ಮೆ ಎಳೆದಳು. ಉಸಿರು ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗಾಗಿತ್ತು.

ಅವಳು ತಲೆ ಎತ್ತಿ ಅವನ ಮುಖ ನೋಡಿದಳು. ಒಂದು ನೊಣ ಅವನ ರೆಪ್ಪೆಯ ಮೇಲೆ ಕೂತು, ಮೂಗಿನ ಮೇಲೆ ನಡೆದು, ತುಟಿಗೆ ಇಳಿದು, ಅಲ್ಲಿ ಕೈ ತೊಳೆಯುತ್ತ ನಿಂತಿತು. ಸೋಬತ್ ಸಿಂಗ್ ನೊಣ ಅಂದರೆ ಉರಿದುಬೀಳುವವನು. ಒಂದು ನೊಣಕ್ಕಾಗಿ ಚಪ್ಪಲಿ ಹಿಡಿದು ಕೋಣೆಯಲ್ಲಿ ಹನ್ನೆರಡು ಸುತ್ತು ಬರುವವನು. ಅವನ ತುಟಿ ನಡುಗಲಿಲ್ಲ. ದೇವೇಶ್ವರಿಗೆ ಆಗ ಗೊತ್ತಾಯಿತು. ಮೇಷ್ಟ್ರು ಒಬ್ಬರು, ನಲ್ಲಿಯವನು ಒಬ್ಬ, ಇವರು ಮೂರನೆಯವರು.

ಅವಳಿಗೆ ಹೆಮ್ಮೆಯೂ ಆಯಿತು, ಸುಳ್ಳೇಕೆ ಹೇಳಬೇಕು. ಆದರೆ ಹೆಮ್ಮೆಗಿಂತ ಮೊದಲು ಕೋಪ ಬಂತು. ಸುಮ್ಮನೆ ಕೂತು ಬೆರಳು ಅಲ್ಲಾಡಿಸಿ ಅಂದರೆ, ಅಷ್ಟೂ ಮಾಡಲಾರದೆ, ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋಗಿದ್ದಾನಲ್ಲ. ಕೋಪದ ಹಿಂದೆಯೇ ಭಯ ಬಂತು. ಇಷ್ಟು ಜನರ ನಡುವೆ ಕೂತಿರುವ ಈ ಮನುಷ್ಯ ಅವಳಿಗೆ ಎಷ್ಟು ಬೇಕಾದವನೆಂದು ಅವಳಿಗೆ ಅಷ್ಟು ಜನರ ನಡುವೆಯೇ ಗೊತ್ತಾಯಿತು.

"ಕಾಲಿನ ಬೆರಳು ಅಲ್ಲಾಡ್ಸಿ," ಅಂದಳು. ಬೆರಳು ಅಲ್ಲಾಡಲಿಲ್ಲ.

"ಏನ್ರೀ, ಬೆರಳು."

ಜಸುಬೆನ್‌ರ ಎರಡೂ ಕೈ ಮೆಲ್ಲಗೆ ಹಣೆಯ ಕಡೆ ಏರತೊಡಗಿದವು. ಭಟ್ನಾಗರ್ ಮುಂದಕ್ಕೆ ಬಗ್ಗಿದರು. "ಬಾಗಿಲಿಂದ ಗಾಳಿ ಬರ್ತಿದೆ, ಕಾಲು ತಣ್ಣಗಿದೆ," ಎಂದು ಯಾರಿಗೋ ಹೇಳುವಂತೆ ಹೇಳಿ ದೇವೇಶ್ವರಿ ಕಂಬಳಿಯನ್ನು ಅವನ ಪಾದ ಮುಚ್ಚುವ ಹಾಗೆ ಇಳಿಬಿಟ್ಟಳು. ಕಂಬಳಿ ಸರಿಮಾಡುವ ನೆಪದಲ್ಲಿ ಕೈಯನ್ನು ಕೆಳಗೆ ತೂರಿಸಿದಳು. ಮುಟ್ಟಬಾರದವರನ್ನು ಮುಟ್ಟಿದರೆ ಏನಾಗುತ್ತದೋ ಆಗಲಿ ಎಂದು ಗಂಡನ ಹೆಬ್ಬೆರಳು ಹಿಡಿದು, ಬಲಕ್ಕೊಮ್ಮೆ ಎಡಕ್ಕೊಮ್ಮೆ ಗಟ್ಟಿಯಾಗಿ ಅಲ್ಲಾಡಿಸಿದಳು.

ಕಂಬಳಿ ಅಲ್ಲಾಡಿದ್ದನ್ನು ಭಾವನಗರದ ನಲವತ್ತೂ ಜನ ನೋಡಿದರು.

"ಯೋಗನಿದ್ರೆ," ಅಂದಳು ದೇವೇಶ್ವರಿ. ಹತ್ತೊಂಬತ್ತು ವರ್ಷದಲ್ಲಿ ಆ ಪಡಸಾಲೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ದನಿ ಸ್ವಲ್ಪ ಜೋರಾಗಿಯೇ ಬಂತು. "ಮೈ ಮಲಗಿದೆ. ಕಿವಿ ಎಚ್ಚರ ಇದೆ."

ಸ್ವಾಮಿಗಳು ಅವತ್ತು ಕಣ್ಣು ಬಿಟ್ಟುಕೊಂಡೇ ಇದ್ದರು. ಕಂಬಳಿ ನೋಡಿದರು, ಕಂಬಳಿಯೊಳಗೆ ಮೊಣಕೈವರೆಗೆ ಮಾಯವಾಗಿದ್ದ ಅವಳ ತೋಳು ನೋಡಿದರು, ಆಮೇಲೆ ಕಣ್ಣು ಮುಚ್ಚಿಕೊಂಡರು. "ದೀದಿ ಹೇಳಿದ ಮೇಲೆ ಆಯ್ತು. ಹೊಸ್ತಿಲ ಮೇಲೆ ಕೂತಿದ್ದಾನೆ. ಭಟ್ನಾಗರ್ ಜೀ, ಗೇಟಲ್ಲಿ ನಮಗೆ ಬೇಕಾಗಿರೋದೂ ಅಂಥವನೇ ಅಲ್ವಾ?"

"ಕಿವಿ ಎಚ್ಚರ ಇದ್ರೆ ಹೋರಿ ಬಂದಿದ್ದು ಯಾಕೆ ಕೇಳಿಸ್ಲಿಲ್ಲ?" ಅಂದರು ಭಟ್ನಾಗರ್.

"ಅದು ಚಪ್ಪಲಿ ಹಾಕ್ಕೊಳಲ್ವಲ್ಲ ಸಾಹೇಬ್ರೇ," ಅಂದಳು ದೇವೇಶ್ವರಿ.

ಭಟ್ನಾಗರ್ ಸೀಟಿಯನ್ನು ಅಂಗಿಯೊಳಗೆ ಇಳಿಬಿಟ್ಟರು. ಜಸುಬೆನ್‌ಗೆ ಸ್ವಲ್ಪ ನಿರಾಸೆಯಾಯಿತು, ಆದರೂ ನಂದಿ ನೆಕ್ಕಿದ ಹಣೆ ಅವರ ಬಳಿಯೇ ಇತ್ತಲ್ಲ. ಅದನ್ನು ಯಾರೂ ಪರೀಕ್ಷೆ ಮಾಡುವ ಹಾಗಿರಲಿಲ್ಲ. ಎಲ್ಲರೂ ಚಹಾ ಕುಡಿಯಲು ಎದ್ದುಹೋದರು.

ದೇವೇಶ್ವರಿ ಏಳಲಿಲ್ಲ. ಕೋಣೆ ಉಳಿದಿತ್ತು. ಗಂಡ ಉಳಿದಿದ್ದಾನೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಸರಿಯಿತು. ಕಟಕ್‌ನ ಮೇಷ್ಟ್ರು ಎದ್ದ ಮೇಲೆ ಯಾರ ಜೊತೆಗೂ ಮಾತಾಡದೆ ಹೊರಟುಹೋಗಿದ್ದು ಅವಳಿಗೆ ನೆನಪಾಯಿತು. ಅವರು ಊರಿಗೆ ಹೋಗಲಿಲ್ಲವಂತೆ. ಅವಳು ನಡುನಡುವೆ ಗಂಡನಿಗೆ ಸಣ್ಣ ದನಿಯಲ್ಲಿ ಬೈಯುತ್ತಿದ್ದಳು. ನಾಳೆ ರೇಷನ್ ತರಬೇಕು, ಮಗಳು ಬರ್ತೀನಿ ಅಂದಿದ್ದಾಳೆ, ಇಲ್ಲಿ ಇವರ ದರ್ಬಾರು ನೋಡು.

ನಾಲ್ಕೂವರೆಯ ಹೊತ್ತಿಗೆ ಸೋಬತ್ ಸಿಂಗ್ ಕಣ್ಣು ಬಿಟ್ಟ. ಮೊದಲು ಅವಳನ್ನು ನೋಡಿದ, ಇದು ಯಾರು ಎನ್ನುವ ಹಾಗೆ. ಆಮೇಲೆ ಗುರುತು ಹತ್ತಿತು.

"ಎಲ್ಲಾರೂ ಎಲ್ಲಿ?"

"ಚಹಾ ಕುಡಿಯಕ್ಕೆ ಹೋದ್ರು. ಕುಡಿದು ಲೋಟಾನೂ ತೊಳೆದಾಯ್ತು."

"ಬೆರಳು ಅಲ್ಲಾಡ್ಸಿದ್ನಾ?"

"ಅಲ್ಲಾಡ್ಸಿದ್ರಿ."

"ನಂಗೆ ನೆನಪೇ ಇಲ್ಲ ಕಣೇ. ನಿದ್ದೆ ಹತ್ತಿಬಿಡ್ತೇನೋ. ಗೊರಕೆ ಹೊಡೆದ್ನಾ?"

ನಿಜ ಹೇಳಬಹುದಿತ್ತು. ದೊಡ್ಡ ದೊಡ್ಡವರು ವರ್ಷಗಟ್ಟಲೆ ಕೂತು ಕಾಣದ ಜಾಗಕ್ಕೆ ನೀವು ಮೂರು ಲೋಟ ಚಹಾ ಕುಡಿದು ಹೋಗಿಬಂದಿರಿ ಎನ್ನಬಹುದಿತ್ತು. ಹೇಳಿದರೆ ಅವನು ಮತ್ತೆ ಹುಡುಕಿಕೊಂಡು ಹೋಗುತ್ತಾನೆ.

"ಹೊಡೆದ್ರಿ," ಅಂದಳು. "ಸಣ್ಣಗೆ. ನಾನು ಕೆಮ್ಮಿ ಮುಚ್ಚಿದೆ."

ಅವನು ನಾಚಿಕೊಂಡ. ಕಿಟಕಿಯ ಕಡೆ ನೋಡಿದ. "ಆದ್ರೆ ಒಳ್ಳೇ ನಿದ್ದೆ ದೇವೇಶ್ವರೀ. ಅಲ್ಲಿ ಯಾರೂ ಇರ್ಲಿಲ್ಲ. ನಾನೂ ಇರ್ಲಿಲ್ಲ ಅನ್ಸತ್ತೆ. ಭಯಾನೂ ಆಗ್ಲಿಲ್ಲ. ವಾಪಸ್ ಬರ್ಬೇಕು ಅಂತ್ಲೂ ಅನ್ನಿಸ್ಲಿಲ್ಲ."

"ಮತ್ಯಾಕೆ ಬಂದ್ರಿ?"

"ಯಾರೋ ಕಾಲು ಹಿಡ್ಕೊಂಡಿದ್ರು," ಅಂದ ಸೋಬತ್ ಸಿಂಗ್. "ಈಗ ಬಿಡ್ತಾರೆ, ಆಗ ಬಿಡ್ತಾರೆ ಅಂತ ನೋಡ್ದೆ. ಬಿಡ್ಲೇ ಇಲ್ಲ."

ದೇವೇಶ್ವರಿ ಇನ್ನೊಂದು ಕೈಯಿಂದ ಕಂಬಳಿ ಸರಿಸಿ ನೋಡಿದಳು. ಎರಡು ಗಂಟೆ ಹಿಡಿದು ಹಿಡಿದು ಅವಳ ಬೆರಳುಗಳಿಗೆ ಜೋಮು ಹತ್ತಿತ್ತು, ಬಿಡಿಸಿದರೂ ಬಿಡುತ್ತಿರಲಿಲ್ಲ. ಒಂದೊಂದಾಗಿ ಬಿಡಿಸಲು ಅವನೇ ಬಗ್ಗಬೇಕಾಯಿತು.